ಮೊದಲ ನಾಲ್ಕು ಸಾಲು ನೋಡುತ್ತಿದ್ದ ತಾತ

ತಾತ ಹೋದ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೂರನೆಯ ದಿನಕ್ಕೆ. ಕುರುಗೋಡಿನಿಂದ ಬಳ್ಳಾರಿಗೇನು ಮಹಾ ದೂರವೇ? ಆದರೂ ನನಗೆ ಹೇಳಿ ಕಳಿಸಬೇಕೆಂದು ಅವರ ಮನೆಯವರಿಗೆ ಅನ್ನಿಸಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ, ಯಾಕೆ ಹೇಳಬೇಕು ಅಂತ ನನಗೇ ಅನ್ನಿಸಿತು. ನಾನು ಅವರ ಮಗಳಲ್ಲ, ಬಳಗದವಳಲ್ಲ. ಮೂರು ವರ್ಷ ಒಂದೇ ಆಫೀಸಿನಲ್ಲಿ ಕೂತು ಕೆಲಸ ಮಾಡಿದವಳು, ಅಷ್ಟೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಬೈದಾರು. "ಹೆಸರ ನೋಡಬ್ಯಾಡವ್ವಾ, ಒಳಗ ನೋಡು" ಅನ್ನುವುದು ಅವರ ದಿನಕ್ಕೆ ಹತ್ತು ಸಲದ ಮಾತು. ಆಫೀಸಿನಲ್ಲಿ ಎಲ್ಲರೂ ಅವರನ್ನು ತಾತ ಅನ್ನುತ್ತಿದ್ದರು. ಐವತ್ತೈದರ ಆಸುಪಾಸಿನವರನ್ನು ತಾತ ಅನ್ನುವುದು ಸರಿಯಲ್ಲ ಅಂತ ನಾನು ಮೊದಲ ದಿನ ಸರ್ ಅಂದೆ. ಅವರು ಹಿಂದೆ ತಿರುಗಿ ಯಾರನ್ನು ಕರೆದಳು ಅಂತ ನೋಡಿದರು. ಮರುದಿನದಿಂದ ನಾನೂ ತಾತ ಅಂದೆ.

ಎಂಬತ್ತರ ದಶಕದ ನಡುವಿನ ಮಾತು. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿ ನಮ್ಮ ನಕ್ಷೆ ಆಫೀಸು. ಕಾಲುವೆಯದೋ ರಸ್ತೆಯದೋ ನಕ್ಷೆಗಳನ್ನು ಸರಕಾರದಿಂದ ಗುತ್ತಿಗೆ ಹಿಡಿದು ಬರೆದುಕೊಡುವ ಖಾಸಗಿ ಆಫೀಸು ಅದು. ತಾತ ಅಲ್ಲಿ ಹಿರಿಯ ನಕ್ಷೆಗಾರರು. ಅರವತ್ತರ ದಶಕದಿಂದ ಟ್ರೇಸಿಂಗ್ ಬಟ್ಟೆಯ ಮೇಲೆ ಕರಿ ಶಾಯಿಯಲ್ಲಿ ಗೀಟು ಎಳೆಯುತ್ತ ಬಂದವರು. ನಾನು ಕಂಪ್ಯೂಟರ್ ಕಲಿತು ಬಂದ ಹೊಸಬಳು. ಮಾಲೀಕರು ಒಂದು ಕಂಪ್ಯೂಟರನ್ನೂ, ಪೆನ್ನು ಹಿಡಿದು ತಾನೇ ಗೆರೆ ಎಳೆಯುವ ಪ್ಲಾಟರ್ ಎಂಬ ಯಂತ್ರವನ್ನೂ ತಂದಿದ್ದರು. ಇಡೀ ಬಂಗಲೆಗೆ ತಣ್ಣಗಿನ ಕೋಣೆ ಅಂದರೆ ಅವುಗಳಿಗಾಗಿ ಏಸಿ ಹಾಕಿಸಿದ ಕೋಣೆಯೊಂದೇ. ಬಳ್ಳಾರಿ ಬಿಸಿಲಿನಲ್ಲಿ ಬೆಂದು ಬಂದವರೆಲ್ಲ ಏನಾದರೂ ನೆಪ ಹೇಳಿ ಒಳಗೆ ಬಂದು ನಿಲ್ಲುತ್ತಿದ್ದರು. ತಾತ ಮಾತ್ರ ಕೆಲಸವಿಲ್ಲದೆ ಬರುತ್ತಿರಲಿಲ್ಲ. ಬರುವಾಗ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಒರೆಸಿ, ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡು ಬರುತ್ತಿದ್ದರು. ಬೆವರಿನ ಕೈ ಟ್ರೇಸಿಂಗ್ ಬಟ್ಟೆಗೆ ಆಗಿಬರುವುದಿಲ್ಲ. ಆ ಅಭ್ಯಾಸ ಕಂಪ್ಯೂಟರಿನ ಫ್ಲಾಪಿ ತಟ್ಟೆಗಳಿಗೂ ಬಂತು.

ನಕ್ಷೆಗಳ ಫೈಲುಗಳು ನಮ್ಮಲ್ಲಿ ತಯಾರಾಗುತ್ತಿರಲಿಲ್ಲ. ಸರ್ವೆಯವರ ಅಳತೆ ಪುಸ್ತಕ ನೋಡಿ ಬೇರೆ ಊರಿನ ಗುತ್ತಿಗೆದಾರನೊಬ್ಬ ಅವನ್ನು ಕಂಪ್ಯೂಟರಿಗೆ ಹಾಕಿಸಿ, ಫ್ಲಾಪಿಗೆ ತುಂಬಿ, ಬಸ್ಸಿನಲ್ಲಿ ಕಳಿಸುತ್ತಿದ್ದ. ಬಂದ ಫೈಲು ನಿಜವಾಗಿಯೂ ನಕ್ಷೆಯೇ ಹೌದೋ ಅಲ್ಲವೋ ಅಂತ ತಾಳೆ ನೋಡಿ ಹಾಳೆಗೆ ಇಳಿಸುವುದು ನಮ್ಮ ಕೆಲಸ. ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ, ಮೂರು ಅಕ್ಷರ ಇರುತ್ತವೆ. ಅದನ್ನು ನೋಡಿ ಇಂಥ ಫೈಲು ಅಂದರೆ ಮುಗಿಯಿತು ಅಂತ ನನಗೆ ಕಲಿಸಿದ್ದರು. ತಾತ ಅದನ್ನು ಕೇಳಿ ನಕ್ಕರು.

"ಏಮಮ್ಮಾ, ಡಬ್ಬಿ ಮ್ಯಾಲೆ ಸಕ್ರಿ ಅಂತ ಬರದ್ರ ಒಳಗ ಉಪ್ಪು ಇರಾಕಿಲ್ಲೇನು? ಮುಚ್ಚಳ ತಗದು ತೋರ್ಸು."

ಫೈಲಿನ ಒಳಗಿದ್ದದ್ದನ್ನು ಅಕ್ಷರವಾಗಿ ಪರದೆಗೆ ತಂದು ತೋರಿಸಿದೆ. ನಕ್ಷೆಯ ಫೈಲು ಅಂದರೆ ಒಳಗೆ ಚಿತ್ರ ಇರುವುದಿಲ್ಲ. ಇಲ್ಲಿಂದ ಅಲ್ಲಿಗೆ ಒಂದು ಗೆರೆ ಎಳೆ, ಅಲ್ಲಿಂದ ಮತ್ತೊಂದು ಕಡೆಗೆ ಎಳೆ ಎಂಬ ಅಪ್ಪಣೆಗಳು, ಅವುಗಳ ಅಳತೆಯ ಅಂಕಿಗಳು. ತಾತನಿಗೆ ಅದು ನೋಡಿದ ಕೂಡಲೇ ತಿಳಿಯಿತು. "ಇದು ನಮ್ಮ ಅಳತಿ ಪುಸ್ತಕನ ಅಲ್ಲೇನು" ಅಂದರು. ಮತ್ತೆ ಕೆಲವು ಫೈಲು ಚುಕ್ಕಿಗಳಿಂದಾದ ಫೋಟೋ ಜಾತಿಯವು. ಅವನ್ನು ಅಕ್ಷರವಾಗಿ ತೆರೆದರೆ ಪರದೆ ತುಂಬ ನಗುವ ಮುಖ, ಇಸ್ಪೀಟಿನ ಆಟೀನು, ನಡುನಡುವೆ ಕುಂಯ್ ಕುಂಯ್ ಅಂತ ಸದ್ದು. ಮೊದಲ ಸಲ ಆ ಸದ್ದಿಗೆ ತಾತ ಕುರ್ಚಿ ಬಿಟ್ಟು ಎದ್ದರು. ಎರಡನೆಯ ಸಲ, "ಗೀಟಿಂದಲ್ಲ, ಚುಕ್ಕಿದ್ದು, ತಗಿ ಅತ್ತಾಗ" ಅಂದರು.

ಒಂದು ತಿಂಗಳಲ್ಲಿ ಅವರು ಮೊದಲ ನಾಲ್ಕು ಸಾಲು ನೋಡಿ ಫೈಲಿನ ಜಾತಿ ಹೇಳುವ ಹಾಗಾದರು. ಮೊದಲು ಸೊನ್ನೆ, ಅದರ ಕೆಳಗೆ ಸೆಕ್ಷನ್ ಅಂತ ಇದ್ದರೆ ಅದು ಇಂಥದ್ದು. ಐ ಎನ್ ಅಂತ ಎರಡಕ್ಷರದಿಂದ ಶುರುವಾದರೆ ಪ್ಲಾಟರಿಗೆ ನೇರ ಕೊಡುವಂಥದ್ದು. ಶೇಕಡಾ ಗುರುತು, ಆಶ್ಚರ್ಯ ಗುರುತು ಒಟ್ಟಿಗೆ ಬಂದರೆ ಮತ್ತೊಂದು. "ಪ್ರತಿಯೊಂದು ಬರವಣಿಗಿಗೂ ಅದರದು ಒಂದು ಶ್ರೀಕಾರ ಇರ್ತೈತವ್ವಾ" ಅನ್ನುತ್ತಿದ್ದರು. ನನ್ನ ಪುಸ್ತಕದಲ್ಲಿ ಇದ್ದದ್ದೂ ಅದೇ. ಆದರೆ ಇಷ್ಟು ಚೆಂದಾಗಿ ಇರಲಿಲ್ಲ.

ಒಂದು ಸಲ ಮೋಕದ ಹೊಲಗಳ ನಕ್ಷೆ ಅಂತ ಒಂದು ಫ್ಲಾಪಿ ಬಂತು. ಹೆಸರು ಸರಿಯಾಗಿತ್ತು, ಕೊನೆಯ ಮೂರಕ್ಷರ ಸರಿಯಾಗಿದ್ದವು. ಒಳಗೆ ನೋಡಿದರೆ ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಗಣೇಶಾಯ ನಮಃ! ಗುತ್ತಿಗೆದಾರನ ಆಪರೇಟರು ತನ್ನ ತಂಗಿಯ ಲಗ್ನಪತ್ರಿಕೆಯನ್ನು ಮೋಕದ ನಕ್ಷೆಯ ಹೆಸರಿನಲ್ಲಿ ಉಳಿಸಿಬಿಟ್ಟಿದ್ದ. ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತು. ತಾತ ನಗಲಿಲ್ಲ. ಪೂರ್ತಿ ಓದಿಸಿ, "ಮಾವನ ಮನಿ ಹೆಸರಿನ್ಯಾಗ ಒಂದು ಅಕ್ಷರ ಬಿದ್ದೈತಿ, ತಿದ್ದಿ ಕಳಸು, ಪಾಪ" ಅಂದರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುವ ಗಾದೆ ಈ ಮನುಷ್ಯನನ್ನು ನೋಡಿಯೇ ಹುಟ್ಟಿರಬೇಕು ಅಂತ ನಾನು ಅವತ್ತು ಮನೆಯಲ್ಲಿ ಹೇಳಿಕೊಂಡೆ.

ಅವರ ಜುಬ್ಬಾದ ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ರಬ್ಬರ್ ಮುದ್ರೆ ಇರುತ್ತಿತ್ತು. ಅದರಲ್ಲಿ ಇದ್ದದ್ದು ಎರಡೇ ಪದ: ತಾಳೆ ನೋಡಿದೆ. ಸರಕಾರದ ಆಫೀಸುಗಳಲ್ಲಿ ಆ ಎರಡು ಪದಕ್ಕೆ ಇದ್ದ ಬೆಲೆ ನಮ್ಮ ಮಾಲೀಕರ ಸಹಿಗೆ ಇರಲಿಲ್ಲ. ಮಾಲೀಕರಿಗೆ ಇದು ಒಳಗೊಳಗೇ ಉರಿ.

ಇನ್ನು ನಮ್ಮಿಂದಾದ ಒಂದು ತಪ್ಪಿನ ಸಂಗತಿಗೆ ಬರಬೇಕು. ಅದಕ್ಕೆ ಮೊದಲು ನಮ್ಮ ಆಫೀಸಿನ ಒಂದು ಪದ್ಧತಿ ಹೇಳಬೇಕು.

ಕೈಯಿಂದ ನಕ್ಷೆ ಬರೆಯುವಾಗ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಖಾಲಿ ಬಿಡುತ್ತಿದ್ದರು. ಊರಿನ ಹೆಸರು, ಅಳತೆಯ ಪ್ರಮಾಣ, ಎಲ್ಲ ಅಲ್ಲಿ. ಆ ಚೌಕ ತುಂಬುವುದು ಕಟ್ಟಕಡೆಗೆ, ಹೊಲ, ಬಾವಿ, ಮನೆ, ಮರ ಎಲ್ಲ ಮುಗಿದ ಮೇಲೆ. "ಹೆಸರಿಡೋದು ಕೂಸು ಹುಟ್ಟಿದ ಮ್ಯಾಲೆ" ಅನ್ನುತ್ತಿದ್ದರು ತಾತ. ಆದ್ದರಿಂದ ಮೂಲೆಯಲ್ಲಿ ಹೆಸರು ಬಿದ್ದಿದೆ ಅಂದರೆ ನಕ್ಷೆ ಪೂರ್ತಿಯಾಗಿದೆ ಅಂತಲೇ ಅರ್ಥ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವರು ಹಾಗೆ ನಂಬಿದ್ದರು, ಒಮ್ಮೆಯೂ ಮೋಸ ಹೋಗಿರಲಿಲ್ಲ.

ಕಂಪ್ಯೂಟರಿನ ಫೈಲು ಇದಕ್ಕೆ ಉಲ್ಟಾ. ಅಲ್ಲಿ ಹೆಸರು, ಪ್ರಮಾಣ ಎಲ್ಲ ಮೊದಲೇ ಬಂದುಬಿಡುತ್ತವೆ. ಒಂದೇ ಒಂದು ಗೆರೆ ಇಲ್ಲದಿದ್ದರೂ ತಲೆ ಮಾತ್ರ ಚೊಕ್ಕವಾಗಿ ಇರಬಹುದು. ಫೈಲು ಪೂರ್ತಿ ಇದೆ ಅಂತ ಹೇಳುವುದು ಕೊನೆಯ ಸಾಲು, ಇ ಒ ಎಫ್ ಎಂಬ ಮೂರಕ್ಷರ. ತಾತನಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಸಿರುಗುಪ್ಪ ತಾಲೂಕಿನಲ್ಲಿ ಕೆಂಚನಗುಡ್ಡದ ಹತ್ತಿರ, ಹೊಳೆಯ ದಂಡೆಗೆ, ಹರಿಗೋಲು ಕಟ್ಟುವವರ ಏಳು ಮನೆಗಳ ಕೇರಿಯೊಂದಿತ್ತು. ಅದರ ಪಕ್ಕದಲ್ಲಿ ಒಂದು ಉಪಕಾಲುವೆ ಬರುವುದಿತ್ತು. ನಕ್ಷೆಯ ಫೈಲು ಬಂತು. ನಾನು ಮೊದಲ ನಾಲ್ಕು ಸಾಲು ತೆರೆದೆ. ತಾತ ನೋಡಿ, "ಶ್ರೀಕಾರ ಐತಿ, ಊರಿನ ಹೆಸರೂ ಐತಿ, ಬಿಡು" ಅಂದರು. ಕೊನೆಯ ಸಾಲು ನೋಡಲು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಅವತ್ತು ನನಗೆ ಊಟದ ಅವಸರ. ಒತ್ತಲಿಲ್ಲ.

ಗುತ್ತಿಗೆದಾರನ ಕಡೆ ನಕಲು ಮಾಡುವಾಗ ಫ್ಲಾಪಿ ತುಂಬಿಹೋಗಿ ಫೈಲಿನ ಬಾಲ ತುಂಡಾಗಿತ್ತು. ಪ್ಲಾಟರ್ ಸಿಕ್ಕಷ್ಟು ಗೆರೆ ಎಳೆದು ಸುಮ್ಮನಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು. ಹೊಲದ ಗಡಿ ಬಂತು, ದಾರಿ ಬಂತು, ಕಾಲುವೆ ಬಂತು. ಮನೆಗಳನ್ನು ಕೊನೆಗೆ ಹಾಕಿದ್ದರು, ಅವು ಬರಲಿಲ್ಲ. ತಾತ ಹಳೆಯ ಗ್ರಾಮನಕ್ಷೆ ಪಕ್ಕಕ್ಕಿಟ್ಟು ಹೋಲಿಸಿದರು. ಆ ಏಳು ಮನೆ ಎದ್ದದ್ದು ಆ ನಕ್ಷೆ ಆದ ಮೇಲೆ. ಎರಡರಲ್ಲೂ ಅಲ್ಲಿ ಬರೀ ಬಯಲು. ಕರವಸ್ತ್ರ ಬಿಚ್ಚಿ ಮುದ್ರೆ ಒತ್ತಿದರು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಲವತ್ತರ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಬಿದಿರು ಸೀಳಿ ಸೀಳಿ ಅವಳ ಅಂಗೈ ತುಂಬ ಗೀರು. ಹೆಸರು ಹುಲಿಗೆಮ್ಮ.

"ನಕ್ಷಿ ಬರಿಯೋರು ಯಾರ್ರಿ ಇಲ್ಲಿ?"

ತಾತ ಎದ್ದರು. "ನಾನವ್ವಾ. ಬಾ, ಕುಂದ್ರು."

"ಕುಂದ್ರಾಕ ಬಂದಿಲ್ರಿ. ನನ್ನ ಮನಿ ಎಲ್ಲಿ ಇಟ್ಟೀರಿ ಹೇಳ್ರಿ."

ಕಾಲುವೆಯವರು ಯಂತ್ರ ತಂದಿದ್ದರಂತೆ. ನಕ್ಷೆಯಲ್ಲಿ ಇದು ಬಯಲು, ನೀವು ಈಗ ಬಂದು ಗುಡಿಸಲು ಹಾಕಿದ್ದೀರಿ ಅಂದರಂತೆ. ಅಂಚಿನ ಮನೆ ಹುಲಿಗೆಮ್ಮನದು, ಮೊದಲು ಅದನ್ನು ಕೆಡವಿದರು. ಉಳಿದ ಆರು ಮನೆಯವರು ಯಂತ್ರದ ಮುಂದೆ ಮಲಗಿದ್ದಕ್ಕೆ ಅಲ್ಲಿಗೆ ನಿಂತಿತು. ಸಿರುಗುಪ್ಪದ ಆಫೀಸಿಗೆ ಹೋದರೆ, ನಕ್ಷೆಯಲ್ಲಿ ಇಲ್ಲದ ಮನೆಗೆ ಪರಿಹಾರ ಇಲ್ಲ, ಬರೆದವರನ್ನು ಕೇಳು ಅಂತ ಕಳಿಸಿದ್ದರು. ಹಕ್ಕುಪತ್ರ ಅನ್ನುವುದು ಅವರ ಯಾರ ಹತ್ತಿರವೂ ಇರಲಿಲ್ಲ. ಅವರ ಪಾಲಿಗೆ ಪುರಾವೆ ಅಂದರೆ ನಮ್ಮ ಹಾಳೆಯೊಂದೇ.

ತಾತ ಹಾಳೆ ಹಾಸಿ ನೋಡಿದರು. ಕೆಳಮೂಲೆಯ ಹೆಸರಿನ ಮೇಲೆ ಬೆರಳಿಟ್ಟು, "ಎಲ್ಲಾ ಆಗೇತಲ್ಲ" ಅಂತ ತಮಗೆ ತಾವೇ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಫೈಲು ತೆಗೆ ಅಂದರು. ತೆಗೆದೆ. ಕೆಳಗೆ ಕೆಳಗೆ ಇಳಿಸಿದೆ. ಕೊನೆಯಲ್ಲಿ ಒಂದು ಅಂಕಿಯ ನಡುವೆಯೇ ಫೈಲು ನಿಂತಿತ್ತು. ಗೀಟು ಎಲ್ಲಿಂದ ಅಂತ ಇತ್ತು, ಎಲ್ಲಿಗೆ ಅಂತ ಇರಲಿಲ್ಲ.

"ಇದಕ್ಕ ಬಾಲ ಇರಬೇಕಿತ್ತೇನು?"

"ಹೌದ್ರಿ ತಾತ. ಇ ಒ ಎಫ್ ಅಂತ ಇರ್ತೈತ್ರಿ."

"ನಿನಗ ಗೊತ್ತಿತ್ತಾ?"

"ಗೊತ್ತಿತ್ರಿ."

ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವರು ಹುಲಿಗೆಮ್ಮನ ಕಡೆ ತಿರುಗಿ, "ತಪ್ಪು ನಂದೈತಿ ಯವ್ವಾ" ಅಂದರು.

"ತಪ್ಪು ಯಾರದರ ಆಗ್ಲಿ ಬಿಡ್ರಿ. ಮನಿ ನಂದಿತ್ತಲ್ಲ" ಅಂದಳು ಅವಳು.

ಮಾಲೀಕರು, ಕೊಟ್ಟ ಹಾಳೆ ಕೊಟ್ಟಾಯಿತು, ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ ಅಂದರು. ತಾತ ಕೂರಲಿಲ್ಲ. ತಪ್ಪು ತನ್ನದೆಂದು ಸ್ವಂತ ಕೈಯಿಂದ ನೀರಾವರಿ ಇಲಾಖೆಗೆ ಅರ್ಜಿ ಬರೆದರು. ತಿದ್ದಿದ ನಕ್ಷೆ ಕೊಡಿ, ಅದರಲ್ಲಿ ಇರುವ ಮನೆಗಳಿಗೆ ಪರಿಹಾರ ಪರಿಶೀಲಿಸುತ್ತೇವೆ ಅಂತ ಉತ್ತರ ಬಂತು. ಮೂಲ ಫೈಲು ಕೇಳಿದರೆ ಗುತ್ತಿಗೆದಾರ ಅದನ್ನು ಅಳಿಸಿ ಡಿಸ್ಕನ್ನು ಬೇರೆ ಕೆಲಸಕ್ಕೆ ಹಚ್ಚಿದ್ದ. ಅಳತೆ ಪುಸ್ತಕದಲ್ಲಿ ಆ ಮನೆಗಳ ಪುಟ ಸಿಗಲಿಲ್ಲವಂತೆ. ಹಾಳಾಗಿ ಹೋಗಲಿ ಅವನು.

ಕೊನೆಗೆ ತಾತನೂ ನಾನೂ ಟೇಪು ಹಿಡಿದು ಸಿರುಗುಪ್ಪದ ಬಸ್ಸು ಹತ್ತಿದೆವು. ದಾರಿಯಲ್ಲಿ ತಾತ ರೊಟ್ಟಿ ಬಿಚ್ಚಿ ನನಗೆ ಕೊಟ್ಟರು, ತಾವು ಮುಟ್ಟಲಿಲ್ಲ. ಕೇರಿಯಲ್ಲಿ ಆರು ಮನೆಗಳ ಒಂದೊಂದು ಗೋಡೆಯನ್ನೂ ಎರಡೆರಡು ಸಲ ಅಳೆದರು. ಏಳನೆಯದಕ್ಕೆ ಬಂದಾಗ ಅಲ್ಲಿ ಇದ್ದದ್ದು ಮಣ್ಣಿನ ಬುನಾದಿ, ಒಲೆಯ ಮೂರು ಕಲ್ಲು. ಹುಲಿಗೆಮ್ಮ ಅದರ ನಡುವೆ ನಿಂತು, ಇಲ್ಲಿ ಬಾಗಿಲು, ಇಲ್ಲಿ ಗೂಡು, ಇಲ್ಲಿ ನೀರಿನ ಕೊಡ ಅಂತ ತೋರಿಸಿದಳು. ಬುನಾದಿಯನ್ನೂ ಅಳೆದು ಬರೆದುಕೊಂಡರು.

ಬಳ್ಳಾರಿಗೆ ಬಂದು ನಾನು ಅಳತೆಗಳನ್ನು ಫೈಲಿಗೆ ಹಾಕುತ್ತಾ ಕೂತೆ. ಆರು ಮನೆ ಮುಗಿದವು. ಏಳನೆಯದಕ್ಕೆ ತಾತ, "ಇದಕ್ಕ ತುಂಡು ಗೀಟು ಹಾಕವ್ವಾ" ಅಂದರು. ನಕ್ಷೆಯಲ್ಲಿ ತುಂಡು ಗೆರೆ ಅಂದರೆ ಪಾಳು ಬಿದ್ದದ್ದು, ಹಿಂದೆಂದೋ ಇದ್ದದ್ದು. ಪಾಳಿಗೆ ಪರಿಹಾರವಿಲ್ಲ. ಅದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

"ಏನ್ರಿ ತಾತ ಇದು! ಅಕಿ ಸುಳ್ಳು ಹೇಳ್ತಾಳೇನ್ರಿ?"

"ಇಲ್ಲವ್ವಾ. ಖರೇನ ಹೇಳ್ತಾಳ."

"ಮತ್ತ?"

"ಗ್ವಾಡಿ ನಾ ನೋಡಿಲ್ಲ. ನೋಡದ ಗ್ವಾಡಿಗೆ ಗಟ್ಟಿ ಗೀಟು ಎಳದು ತಾಳೆ ನೋಡಿದೆ ಅಂತ ಹೆಂಗ ಒತ್ತಲಿ? ಅವತ್ತು ನೋಡದ ಒತ್ತಿದ್ದಕ್ಕ ಅಲ್ಲೇನು ಅಕಿ ಮನಿ ಹೋಗಿದ್ದು?"

ನಾನು ಸುಮ್ಮನಿರಲಿಲ್ಲ. ನಿಮ್ಮ ಮುದ್ರೆ ನಿಮಗೆ ದೊಡ್ಡದು, ಅವಳ ಮನೆ ದೊಡ್ಡದಲ್ಲ ಅಂತ ಅಂದುಬಿಟ್ಟೆ. ಹಿರಿಯರ ಮುಂದೆ ಆಡುವ ಮಾತಲ್ಲ ಅದು. ತಾತ ಎದ್ದು ಹೊರಗೆ ಹೋಗಿ ವರಾಂಡದಲ್ಲಿ ಕೂತರು. ನಾನು ಅವರು ಹೇಳಿದ ಹಾಗೆ ತುಂಡು ಗೆರೆಯನ್ನೇ ಹಾಕಿದೆ.

ಆದರೆ ಮನಸ್ಸು ತಡೆಯಲಿಲ್ಲ. ಫೈಲಿನಲ್ಲಿ ಪ್ರತಿ ಗೆರೆಯ ಜೊತೆಗೆ ಅದು ತುಂಡು ಗೆರೆಯೋ ಗಟ್ಟಿ ಗೆರೆಯೋ ಅಂತ ಒಂದು ಪದ ಇರುತ್ತದೆ. ನಾಲ್ಕು ಗೋಡೆ, ನಾಲ್ಕು ಗೆರೆ, ನಾಲ್ಕು ಪದ. ಮರುದಿನ ಬೆಳಿಗ್ಗೆ ಅವರು ಬರುವುದಕ್ಕೆ ಮೊದಲು ಆ ನಾಲ್ಕು ಪದ ಬದಲಿಸಿದೆ.

ನಾನು ತಿಳಿದದ್ದು, ಅವರು ತಲೆ ನೋಡುತ್ತಾರೆ, ಈಗ ಬಾಲವನ್ನೂ ನೋಡುತ್ತಾರೆ, ನಡುವಿನದನ್ನು ಯಾರು ನೋಡುತ್ತಾರೆ ಅಂತ. ಆದರೆ ತಾತ ಬಂದು, ಕೈ ತೊಳೆದು, ಕುರ್ಚಿ ಎಳೆದುಕೊಂಡು, "ಮೊದಲಿಂದ ತೋರ್ಸು. ಒಂದು ಸಾಲೂ ಬಿಡಬ್ಯಾಡ" ಅಂದರು. ಎರಡು ದಿನ ಹಿಡಿಯಿತು. ಕೇರಿಯಲ್ಲಿ ತಾವೇ ಬರೆದುಕೊಂಡ ಅಳತೆ ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು ಪರದೆಯ ಮೇಲೆ ಬೆರಳಾಡಿಸುತ್ತ ಒಂದೊಂದು ಅಂಕಿಯನ್ನೂ ಓದಿದರು. ಎರಡನೆಯ ದಿನದ ಮಧ್ಯಾಹ್ನ ಬೆರಳು ಏಳನೆಯ ಮನೆಗೆ ಬಂತು. ಮೊದಲ ಗೋಡೆಯ ಆ ಪದದ ಮೇಲೆ ನಿಂತಿತು.

ಎಷ್ಟು ಹೊತ್ತು ನಿಂತಿತೋ. ನನ್ನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಬೆರಳು ಎರಡನೆಯ ಗೋಡೆಗೆ ಹೋಯಿತು. ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಕೊನೆಗೆ ಇ ಒ ಎಫ್ ಮುಟ್ಟಿತು. "ಬಾಲ ಐತಿ" ಅಂದರು. ಹಾಳೆ ಪ್ಲಾಟರಿನಿಂದ ಬಂದ ಮೇಲೆ ಕರವಸ್ತ್ರ ಬಿಚ್ಚಿ ಮುದ್ರೆ ಒತ್ತಿದರು. ಮುದ್ರೆ ಸೊಟ್ಟಗೆ ಬಿತ್ತು. ಅವರ ಮುದ್ರೆ ಸೊಟ್ಟಗೆ ಬಿದ್ದದ್ದನ್ನು ನಾನು ಬೇರೆ ಯಾವ ಹಾಳೆಯಲ್ಲೂ ನೋಡಿಲ್ಲ.

ಇಲಾಖೆಯವರು ಏಳೂ ಮನೆಗಳನ್ನು ಒಪ್ಪಿಕೊಂಡರು. ನಾನು ಗೆದ್ದವಳ ಹಾಗೆ ಆಫೀಸಿನಲ್ಲೆಲ್ಲ ಓಡಾಡಿದೆ. ನನಗೆ ತಿಳಿಯಲು ತಡವಾಯಿತು. ತಪ್ಪು ನಕ್ಷೆಯ ಮೇಲೆ ಮುದ್ರೆ ಒತ್ತುವಾಗ ಅವರಿಗೆ ಅದು ಸುಳ್ಳೆಂದು ಗೊತ್ತಿರಲಿಲ್ಲ. ಸರಿಯಾದ ನಕ್ಷೆಯ ಮೇಲೆ ಒತ್ತುವಾಗ ಗೊತ್ತಿದ್ದೇ ಸುಳ್ಳು ಒತ್ತಿದರು, ಒತ್ತಿಸಿದವಳು ನಾನು. ಅದಾದ ಮೇಲೆ ಅವರು ಆ ಮುದ್ರೆಯನ್ನು ಮುಟ್ಟಲಿಲ್ಲ. ಹಾಳೆ ಮುಂದಿಟ್ಟರೆ, "ಕಣ್ಣು ಸಾಲವಲ್ಲವು, ಬ್ಯಾರೆಯವರಿಗೆ ಕೊಡ್ರಿ" ಅನ್ನುತ್ತಿದ್ದರು. ಕಣ್ಣು ಚೆನ್ನಾಗಿಯೇ ಇದ್ದವು. ಇನ್ನೂ ಎರಡು ವರ್ಷ ಇರಬಹುದಾಗಿತ್ತು, ಆ ಯುಗಾದಿಗೇ ಬಿಟ್ಟು ಕುರುಗೋಡಿಗೆ ಹೋದರು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಚೊಲೋ ಇರು" ಅಂದರು. ಆ ನಾಲ್ಕು ಪದದ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಹೋದ ಶ್ರಾವಣದಲ್ಲಿ. ಕಾಯಿಲೆ ಅಂತ ಕೇಳಿ ಹೋಗಿದ್ದೆ. ಪಡಸಾಲೆಯಲ್ಲಿ ಹಾಸಿಗೆಯ ಮೇಲೆ ಒರಗಿದ್ದರು. ಆಫೀಸಿನ ಸುದ್ದಿ, ಹೊಸ ಯಂತ್ರದ ಸುದ್ದಿ ಎಲ್ಲ ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ. ನಾನು ಏಳುವ ಹೊತ್ತಿಗೆ ಕೈ ಹಿಡಿದು ಕೂರಿಸಿದರು.

"ಅಕಿ ಮನಿ ಕಟ್ಟಿದಳೇನವ್ವಾ?"

ಯಾರು ಅಂತ ಕೇಳುವ ಅಗತ್ಯ ಇರಲಿಲ್ಲ.

"ಕಟ್ಟ್ಯಾಳ್ರಿ ತಾತ. ದಿನ್ನಿ ಮ್ಯಾಲೆ ಕಟ್ಟ್ಯಾಳ. ತಗಡು ಹಾಕಿಸ್ಯಾಳ."

"ನೀ ಕಣ್ಣಾರೆ ನೋಡಿದೇನು?"

"ನೋಡೀನ್ರಿ."

ಬಾಗಿಲು ಯಾವ ದಿಕ್ಕಿಗೆ, ಗೋಡೆ ಎಷ್ಟು ಉದ್ದ ಅಂತ ಕೇಳುತ್ತಾರೆ ಅಂದುಕೊಂಡು ಉತ್ತರ ಹುಡುಕುತ್ತಿದ್ದೆ. ಕೇಳಲಿಲ್ಲ. "ಹಂಗಾದ್ರ ಆತು" ಅಂದು ಕಣ್ಣು ಮುಚ್ಚಿದರು. ಮುಖ ಸಡಿಲಾಯಿತು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು.

ನಾನು ನೋಡಿರಲಿಲ್ಲ. ಸಿರುಗುಪ್ಪದ ಆಫೀಸಿನ ಜವಾನನೊಬ್ಬ, ಹುಲಿಗೆಮ್ಮನಿಗೆ ಪರಿಹಾರ ಮಂಜೂರಾಯಿತು ಅಂತ ಒಮ್ಮೆ ಹೇಳಿದ್ದ. ನನಗೆ ಗೊತ್ತಿದ್ದದ್ದು ಅಷ್ಟೇ. ಅದು ಅವಳ ಕೈಗೆ ಸೇರಿತೋ ಇಲ್ಲವೋ, ಅವಳು ಆ ಊರಲ್ಲಿ ಇದ್ದಾಳೋ ಇಲ್ಲವೋ, ಒಂದೂ ಗೊತ್ತಿಲ್ಲ. ದಿನ್ನೆ, ತಗಡು ಎಲ್ಲ ನಾನು ಅವರ ಹಾಸಿಗೆಯ ಪಕ್ಕದಲ್ಲಿ ಕೂತು ಕಟ್ಟಿದ್ದು.

ಈಗಲಾದರೂ ಹೋಗಿ ನೋಡಿ ಬರಬಹುದು. ಸಿರುಗುಪ್ಪಕ್ಕೆ ಬಸ್ಸಿಗೇನೂ ಬರಗಾಲವಿಲ್ಲ. ನಿನ್ನೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದೆ. ಹೋಗಿ, ಅಲ್ಲಿ ಮನೆ ಇಲ್ಲದಿದ್ದರೆ, ತಪ್ಪು ನನ್ನದು ಅಂತ ಇನ್ನು ಯಾರ ಮುಂದೆ ನಿಂತು ಹೇಳಲಿ?